ಅಂಕಿಗಳಿಂದ ಹಾರ ಕಟ್ಟಿದ ಮಹಾವೀರಾಚಾರ್ಯರು

ಗಣಿತ ಎಂದೊಡನೆ ನಮ್ಮ ಎಷ್ಟೋ ವಿದ್ಯಾರ್ಥಿಗಳ ಮುಖ ಬಾಡುತ್ತದೆ. ಅದರಲ್ಲೂ ಹತ್ತು ಹನ್ನೊಂದು ಅಂಕಿಗಳ ಸಂಖ್ಯೆಯೊಂದನ್ನು ಹಲಗೆಯ ಮೇಲೆ ಬರೆದರೆ ಸಾಕು, ಹಿಂದಿನ ಬೆಂಚಿನವರು ಕಿಟಕಿಯತ್ತ ನೋಡತೊಡಗುತ್ತಾರೆ. ಪ್ರಿಯ ಓದುಗರೇ, ಅಂತಹ ದೊಡ್ಡ ಸಂಖ್ಯೆಗಳನ್ನು ಕೊರಳಿಗೆ ಹಾಕುವ ಹಾರದಂತೆ ಕಟ್ಟಿ ತೋರಿಸಿದ ಗಣಿತಜ್ಞರೊಬ್ಬರು ನಮ್ಮದೇ ನಾಡಿನಲ್ಲಿ, ಕ್ರಿ.ಶ. 850ರ ಸುಮಾರಿನಲ್ಲಿ ಬದುಕಿದ್ದರು. ಅವರ ಹೆಸರು ಮಹಾವೀರಾಚಾರ್ಯ. ಆರ್ಯಭಟ, ಭಾಸ್ಕರಾಚಾರ್ಯ, ಶ್ರೀನಿವಾಸ ರಾಮಾನುಜನ್ ಇವರ ಹೆಸರುಗಳನ್ನು ಥಟ್ಟನೆ ಹೇಳುವ ಮಕ್ಕಳು ಈ ಹೆಸರು ಕೇಳಿದರೆ ಜೈನರ ಇಪ್ಪತ್ನಾಲ್ಕನೆಯ ತೀರ್ಥಂಕರ ವರ್ಧಮಾನ ಮಹಾವೀರರೆಂದು ತಿಳಿಯುತ್ತಾರೆ. ಅವರು ಬೇರೆ, ಇವರು ಬೇರೆ. ಇಬ್ಬರ ನಡುವೆ ಸಾವಿರ ವರ್ಷಗಳಿಗೂ ಹೆಚ್ಚಿನ ಅಂತರವಿದೆ. ಗಣಿತಜ್ಞರಾದ ಮಹಾವೀರಾಚಾರ್ಯರು ಆ ತೀರ್ಥಂಕರರ ಮತಕ್ಕೆ ಸೇರಿದವರು, ತಮ್ಮ ಗ್ರಂಥವನ್ನು ಅವರಿಗೆ ವಂದಿಸಿಯೇ ಆರಂಭಿಸಿದ್ದಾರೆ.

ಇವರ ಕಾಲದ ದೊರೆ ರಾಷ್ಟ್ರಕೂಟ ವಂಶದ ಅಮೋಘವರ್ಷ ನೃಪತುಂಗ. ಈತ 814ರಲ್ಲಿ ಚಿಕ್ಕ ವಯಸ್ಸಿನಲ್ಲಿಯೇ ಪಟ್ಟಕ್ಕೆ ಬಂದು 878ರವರೆಗೆ, ಅಂದರೆ 64 ವರ್ಷ ಆಳಿದನು. ರಾಜಧಾನಿ ಮಾನ್ಯಖೇಟ. ಇಂದಿನ ಕಲಬುರಗಿ ಜಿಲ್ಲೆಯ ಸೇಡಂ ತಾಲ್ಲೂಕಿನಲ್ಲಿ ಕಾಗಿಣಾ ನದಿಯ ದಡದಲ್ಲಿರುವ ಮಳಖೇಡವೇ ಆ ಊರು. ಕನ್ನಡದಲ್ಲಿ ನಮಗೆ ದೊರೆತಿರುವ ಮೊದಲ ಗ್ರಂಥವಾದ ಕವಿರಾಜಮಾರ್ಗ ಹುಟ್ಟಿದ್ದು ಇದೇ ಆಸ್ಥಾನದಲ್ಲಿ. ತಿರುಳ್ಗನ್ನಡದ ನಾಡು ಯಾವುದೆಂದು ಹೇಳುವಾಗ ಆ ಗ್ರಂಥ ಕಿಸುವೊಳಲು, ಪುಲಿಗೆರೆ, ಒಂಕುಂದಗಳ ಜೊತೆಗೆ ಕೊಪಣ ನಗರವನ್ನೂ ಹೆಸರಿಸುತ್ತದೆ. ಕೊಪಣವೆಂದರೆ ನಮ್ಮ ಕೊಪ್ಪಳ. ಜೈನರಿಗೆ ಅದು ದೊಡ್ಡ ತೀರ್ಥಕ್ಷೇತ್ರವೂ ಆಗಿತ್ತು. ಆದುದರಿಂದ ಸಿದ್ದಾಪುರ, ಕಾರಟಗಿ, ಗಂಗಾವತಿಯ ಕಡೆಯ ನಾವು ಮಹಾವೀರಾಚಾರ್ಯರನ್ನು ದೂರದವರೆಂದು ಎಣಿಸುವ ಕಾರಣವಿಲ್ಲ. ಒಂದೇ ಅರಸನ ನೆರಳಿನಲ್ಲಿ, ಒಂದೇ ಭಾಷೆಯ ನಾಡಿನಲ್ಲಿ ಇದ್ದವರು ಅವರು.

ಈ ಅಮೋಘವರ್ಷನ ಸುದ್ದಿ ಬಗ್ದಾದಿನವರೆಗೂ ಮುಟ್ಟಿತ್ತು. 851ರಲ್ಲಿ ಅರಬ್ಬಿಯಲ್ಲಿ ಸಿದ್ಧವಾದ ಒಂದು ಪ್ರವಾಸ ವೃತ್ತಾಂತವಿದೆ. ಸುಲೈಮಾನ್ ಎಂಬ ವರ್ತಕನ ಹೆಸರಿನಲ್ಲಿ ಅದು ಪ್ರಸಿದ್ಧ. ಜಗತ್ತಿನ ನಾಲ್ವರು ದೊಡ್ಡ ಅರಸರೆಂದು ಅದು ಅರಬ್ಬರ ಖಲೀಫ, ಚೀನಾದ ದೊರೆ, ರೂಮಿನ ದೊರೆ ಇವರ ಜೊತೆಗೆ ಬಲ್ಹರಾ ಎಂಬುವನನ್ನು ಎಣಿಸುತ್ತದೆ. ರಾಷ್ಟ್ರಕೂಟರ ವಲ್ಲಭರಾಜ ಎಂಬ ಬಿರುದೇ ಅರಬ್ಬರ ನಾಲಿಗೆಯಲ್ಲಿ ಬಲ್ಹರಾ ಆಯಿತು. ಆ ವೃತ್ತಾಂತದಲ್ಲಿ ಇನ್ನೊಂದು ಸ್ವಾರಸ್ಯವಿದೆ. ಬಲ್ಹರಾ ಅರಸರು ಐವತ್ತು ವರ್ಷ ಆಳುವುದೂ ಉಂಟು, ಅರಬ್ಬರ ಮೇಲಿನ ಪ್ರೀತಿಯಿಂದಲೇ ಅವರಿಗೆ ಅಷ್ಟು ಆಯುಷ್ಯ ಬಂತೆಂದು ಅಲ್ಲಿನ ಜನ ನಂಬುತ್ತಾರೆ ಎಂದು ಬರೆದಿದೆ. 10ನೇ ಶತಮಾನದ ಆರಂಭದಲ್ಲಿ ಹಿಂದೂಸ್ತಾನಕ್ಕೆ ಬಂದ ಅಲ್ ಮಸೂದಿ ರಾಜಧಾನಿಯನ್ನು ಮಾನ್ಕೀರ್ ಎಂದು ಕರೆದು, ಬಲ್ಹರಾನ ರಾಜ್ಯದಲ್ಲಿ ಮುಸ್ಲಿಮರಿಗೆ ಗೌರವವಿತ್ತೆಂದೂ, ಅವರ ಮಸೀದಿಗಳಿದ್ದವೆಂದೂ ದಾಖಲಿಸಿದ್ದಾರೆ.

ವಿದ್ಯಾರ್ಥಿಗಳೇ, ಇಲ್ಲಿ ಇಸವಿಗಳನ್ನು ಸ್ವಲ್ಪ ಗಮನಿಸಿ. ಬಗ್ದಾದಿನಲ್ಲಿ ಖಲೀಫ ಮಾಮೂನರ ಆಳ್ವಿಕೆ 813ರಿಂದ 833ರವರೆಗೆ. ಮಾಮೂನರ ಆಶ್ರಯದಲ್ಲಿಯೇ ಅಲ್ ಖ್ವಾರಿಜ್ಮಿ ಬೀಜಗಣಿತದ ಗ್ರಂಥವನ್ನೂ, ಭಾರತದ ಅಂಕಿಗಳಿಂದ ಲೆಕ್ಕ ಮಾಡುವ ಕ್ರಮದ ಬಗ್ಗೆ ಇನ್ನೊಂದು ಗ್ರಂಥವನ್ನೂ ಬರೆದರು. ಅವರ ಹೆಸರಿನಿಂದಲೇ ಇಂದು ಕಂಪ್ಯೂಟರ್ ಕಲಿಯುವವರೆಲ್ಲ ಬಳಸುವ ಅಲ್ಗಾರಿದಮ್ ಎಂಬ ಪದ ಬಂದಿದೆ. ಅದೇ ದಶಕಗಳಲ್ಲಿ ಇತ್ತ ದಖ್ಖನ್ನಿನಲ್ಲಿ ಮಹಾವೀರಾಚಾರ್ಯರು ತಮ್ಮ ಗಣಿತಸಾರಸಂಗ್ರಹವನ್ನು ರಚಿಸುತ್ತಿದ್ದರು. ಒಬ್ಬರು ಹಿಂದೂಸ್ತಾನದ ಅಂಕಿಗಳನ್ನು ಹೊರಜಗತ್ತಿಗೆ ಪರಿಚಯಿಸಿದರು, ಇನ್ನೊಬ್ಬರು ಆ ಅಂಕಿಗಳು ಹುಟ್ಟಿದ ನಾಡಿನಲ್ಲೇ ಅವುಗಳೊಂದಿಗೆ ಆಟವಾಡಿದರು. ಮೊದಲನೆಯವರ ಹೆಸರು ನಮ್ಮ ಸಂಚಿಕೆಗಳಲ್ಲಿ ಆಗಾಗ ಬರುತ್ತದೆ, ಬರಲೇಬೇಕು. ಎರಡನೆಯವರೂ ಬರಬೇಕೆಂಬುದು ನನ್ನ ಆಸೆ.

ಗಣಿತಸಾರಸಂಗ್ರಹ ಸಂಸ್ಕೃತದಲ್ಲಿದೆ. ಒಂಬತ್ತು ಅಧ್ಯಾಯ, ಸಾವಿರಕ್ಕೂ ಹೆಚ್ಚು ಶ್ಲೋಕ. ಆ ಕಾಲದಲ್ಲಿ ಗಣಿತವೆಂದರೆ ಹೆಚ್ಚಾಗಿ ಜ್ಯೋತಿಷ್ಯ, ಖಗೋಳ ಗ್ರಂಥಗಳ ಒಳಗೆ ಬರುವ ಒಂದು ಭಾಗ. ಗ್ರಹಗಳ ಗತಿ ತಿಳಿಯಲು ಎಷ್ಟು ಬೇಕೋ ಅಷ್ಟು ಲೆಕ್ಕ. ಮಹಾವೀರಾಚಾರ್ಯರು ಹಾಗೆ ಮಾಡಲಿಲ್ಲ, ಗಣಿತಕ್ಕೆಂದೇ ಒಂದು ಇಡೀ ಗ್ರಂಥವನ್ನು ಮೀಸಲಿಟ್ಟರು. ಆರಂಭದಲ್ಲಿಯೇ ಅವರು ವ್ಯಾಪಾರ, ಅಡುಗೆ, ಸಂಗೀತ, ನಾಟಕ, ವೈದ್ಯ, ಮನೆ ಕಟ್ಟುವ ವಿದ್ಯೆ, ಛಂದಸ್ಸು ಎಂದು ಒಂದೊಂದಾಗಿ ಹೆಸರಿಸಿ, ಇವೆಲ್ಲಕ್ಕೂ ಗಣಿತ ಬೇಕೆಂದು ತೋರಿಸುತ್ತಾರೆ. ಅಡುಗೆಯನ್ನೂ ಆ ಪಟ್ಟಿಯಲ್ಲಿ ಸೇರಿಸಿದ್ದು ನನಗೆ ಬಹಳ ಹಿಡಿಸಿದೆ. ಮದುವೆಯ ಮನೆಯಲ್ಲಿ ಐನೂರು ಜನಕ್ಕೆ ಅಕ್ಕಿ ಎಷ್ಟು, ಮಾಂಸ ಎಷ್ಟು ಎಂದು ಬಾಯಲ್ಲೇ ಹೇಳುವ ನಮ್ಮ ಬಾವರ್ಚಿಗಳನ್ನು ಕಂಡವರಿಗೆ ಇದರ ಅರ್ಥವಾದೀತು. ತಮ್ಮ ಬಗ್ಗೆ ಮಾತ್ರ ಅವರು ಎಲ್ಲಿಯೂ ಹೇಳಿಕೊಂಡಿಲ್ಲ. ದೊರೆಯನ್ನು ಹೊಗಳಿ, ಗಣಿತವನ್ನು ಹೊಗಳಿ, ನೇರವಾಗಿ ಪಾಠಕ್ಕೆ ಇಳಿದುಬಿಡುತ್ತಾರೆ.

ಮೊದಲ ಪಾಠವೇ ಸಂಖ್ಯಾಸ್ಥಾನಗಳದು. ಬಿಡಿ, ಹತ್ತು, ನೂರು, ಸಾವಿರ, ಹತ್ತು ಸಾವಿರ, ಲಕ್ಷ, ಹತ್ತು ಲಕ್ಷ, ಕೋಟಿ, ಹತ್ತು ಕೋಟಿ, ನೂರು ಕೋಟಿ ಎಂಬಲ್ಲಿಗೆ ನಮ್ಮ ದಿನದ ಬಳಕೆ ಸಾಮಾನ್ಯವಾಗಿ ನಿಲ್ಲುತ್ತದೆ. ಅವರು ಮುಂದುವರಿದು ಅರ್ಬುದ, ನ್ಯರ್ಬುದ, ಖರ್ವ, ಮಹಾಖರ್ವ, ಪದ್ಮ, ಮಹಾಪದ್ಮ, ಕ್ಷೋಣಿ, ಮಹಾಕ್ಷೋಣಿ, ಶಂಖ, ಮಹಾಶಂಖ, ಕ್ಷಿತಿ, ಮಹಾಕ್ಷಿತಿ, ಕ್ಷೋಭ, ಮಹಾಕ್ಷೋಭ ಎಂದು ಒಟ್ಟು 24 ಸ್ಥಾನಗಳನ್ನು ಹೆಸರಿಸುತ್ತಾರೆ. ತೀರ್ಥಂಕರರೂ ಇಪ್ಪತ್ನಾಲ್ಕು, ಸ್ಥಾನಗಳೂ ಇಪ್ಪತ್ನಾಲ್ಕು. ಇದು ಬೇಕೆಂದೇ ಮಾಡಿದ್ದೋ ತಾನಾಗಿ ಕೂಡಿ ಬಂದದ್ದೋ, ಓದುಗರೇ ಊಹಿಸಿಕೊಳ್ಳಲಿ. ಮಹಾಕ್ಷೋಭವೆಂದರೆ ಒಂದರ ಮುಂದೆ 23 ಸೊನ್ನೆ.

ಇಷ್ಟು ದೊಡ್ಡ ಸಂಖ್ಯೆಯಿಂದ ಏನು ಉಪಯೋಗ ಎಂದು ಕೇಳುವವರಿದ್ದಾರೆ. ಹೈಸ್ಕೂಲಿನ ರಸಾಯನ ವಿಜ್ಞಾನದಲ್ಲಿ ಅವೊಗಾಡ್ರೊ ಸಂಖ್ಯೆ ಎಂಬುದೊಂದು ಬರುತ್ತದೆ. ಹದಿನೆಂಟು ಗ್ರಾಂ ನೀರಿನಲ್ಲಿ, ಅಂದರೆ ಒಂದೆರಡು ಗುಟುಕು ನೀರಿನಲ್ಲಿ ಎಷ್ಟು ಅಣುಗಳಿವೆ ಎಂಬ ಲೆಕ್ಕ ಅದು. 6022 ಬರೆದು ಅದರ ಮುಂದೆ 20 ಸೊನ್ನೆ ಇಡಬೇಕು. ಮಹಾವೀರಾಚಾರ್ಯರ ಲೆಕ್ಕದಲ್ಲಿ ಹೇಳುವುದಾದರೆ ಆರು ಮಹಾಕ್ಷೋಭಕ್ಕಿಂತ ತುಸು ಹೆಚ್ಚು. ಅಣುಗಳನ್ನು ಎಣಿಸುವ ಕಾಲಕ್ಕೆ ಸಾವಿರ ವರ್ಷ ಮೊದಲೇ ಆ ಎಣಿಕೆಗೆ ಬೇಕಾದ ಹೆಸರು ಮಳಖೇಡದ ಅರಸನ ನಾಡಿನಲ್ಲಿ ಸಿದ್ಧವಾಗಿತ್ತು. ಜೈನ ಪಂಡಿತರಿಗೆ ದೊಡ್ಡ ಸಂಖ್ಯೆಗಳ ಮೇಲೆ ಮೊದಲಿನಿಂದಲೂ ಒಲವು. ಎಣಿಸಬಹುದಾದದ್ದು, ಎಣಿಕೆಗೆ ಮೀರಿದ್ದು, ಕೊನೆಯೇ ಇಲ್ಲದ್ದು ಎಂದು ಅವರು ಸಂಖ್ಯೆಗಳಲ್ಲೇ ವಿಭಾಗ ಮಾಡಿದ್ದರು. ರಾಜ್ಯದ ಆಡಳಿತದಲ್ಲೂ ದೊಡ್ಡ ಸಂಖ್ಯೆಗಳ ಬಳಕೆ ಇತ್ತು. ಶಾಸನಗಳಲ್ಲಿ ಗಂಗವಾಡಿ 96000, ಬನವಾಸಿ 12000, ನೊಳಂಬವಾಡಿ 32000 ಎಂದು ನಾಡುಗಳ ಹೆಸರಿನ ಜೊತೆಗೇ ಸಂಖ್ಯೆ ಬರುತ್ತದೆ.

ಇನ್ನು ಹಾರದ ವಿಷಯಕ್ಕೆ ಬರೋಣ. ಗುಣಾಕಾರ ಕಲಿಸುವಾಗ ಮಹಾವೀರಾಚಾರ್ಯರು ಸುಮ್ಮನೆ ಯಾವುದೋ ಎರಡು ಸಂಖ್ಯೆ ಕೊಟ್ಟು ಗುಣಿಸಿ ಎನ್ನುವುದಿಲ್ಲ. ಉತ್ತರ ಬಂದಾಗ ವಿದ್ಯಾರ್ಥಿ ಬೆರಗಾಗುವಂತೆ ಸಂಖ್ಯೆಗಳನ್ನು ಆರಿಸಿ ಕೊಡುತ್ತಾರೆ. 139 ಅನ್ನು 109ರಿಂದ ಗುಣಿಸಿದರೆ 15151. 152207 ಅನ್ನು 73ರಿಂದ ಗುಣಿಸಿದರೆ ಎಂಟು ಒಂದುಗಳು, 11111111. 142857143 ಅನ್ನು 7ರಿಂದ ಗುಣಿಸಿದರೆ 1000000001. 11011011 ಅನ್ನು 91ರಿಂದ ಗುಣಿಸಿದರೆ 1002002001. ಈ ಉತ್ತರಗಳನ್ನು ಎಡದಿಂದ ಓದಿದರೂ ಬಲದಿಂದ ಓದಿದರೂ ಒಂದೇ. ನಡುವೆ ಒಂದು ಪದಕ, ಎರಡೂ ಬದಿಗೆ ಸರಿಸಮನಾಗಿ ಮಣಿಗಳು, ಕೊರಳಲ್ಲಿ ಹಾಕಿದ ಹಾರದ ಹಾಗೆ. ಆದುದರಿಂದಲೇ ಅವರು ಇಂತಹವನ್ನು ಕಂಠಾಭರಣ, ಅಂದರೆ ಕೊರಳಿನ ಒಡವೆ ಎಂದು ಕರೆದರು.

ಇವುಗಳಲ್ಲಿ ನನಗೆ ಎಲ್ಲಕ್ಕಿಂತ ಪ್ರಿಯವಾದದ್ದು ಒಂದಿದೆ. 27994681 ಅನ್ನು 441ರಿಂದ ಗುಣಿಸಿ. ಬರುವ ಉತ್ತರ 12345654321. ನಮ್ಮ ರೂಢಿಯಲ್ಲಿ ಓದಿದರೆ 1234 ಕೋಟಿ 56 ಲಕ್ಷ 54 ಸಾವಿರದ 321. ಒಂದರಿಂದ ಆರರವರೆಗೆ ಏರಿ, ಮತ್ತೆ ಒಂದರವರೆಗೆ ಇಳಿಯುವ ಸಂಖ್ಯೆ. ಉರ್ದು ಮತ್ತು ಕನ್ನಡ ಎರಡನ್ನೂ ಕಲಿಯುವ ಮಕ್ಕಳಿಗೆ ಇದು ವಿಶೇಷವಾಗಿ ಹಿಡಿಸುತ್ತದೆ. ಉರ್ದು ಪುಸ್ತಕವನ್ನು ಬಲದಿಂದ ಎಡಕ್ಕೆ ಓದಿಕೊಂಡು ಬರುವ ಮಗು, ಅಂಕಿ ಬಂದೊಡನೆ ಎಡದಿಂದ ಬಲಕ್ಕೆ ತಿರುಗಬೇಕಾಗುತ್ತದೆ. ಚಿಕ್ಕ ತರಗತಿಗಳಲ್ಲಿ ಎಷ್ಟೋ ಮಕ್ಕಳು ಅಲ್ಲಿ ತಡವರಿಸುತ್ತಾರೆ, 17ನ್ನು 71 ಎನ್ನುತ್ತಾರೆ. ಮಹಾವೀರಾಚಾರ್ಯರ ಹಾರಕ್ಕೆ ಆ ತೊಂದರೆಯೇ ಇಲ್ಲ. ಯಾವ ಕಡೆಯಿಂದ ಬಂದರೂ ಅದೇ ಸಂಖ್ಯೆ.

ಇದು ಮಂತ್ರವೂ ಅಲ್ಲ, ಜಾದೂವೂ ಅಲ್ಲ. 441 ಎಂದರೆ 21ರ ವರ್ಗ. 27994681 ಎಂದರೆ 5291ರ ವರ್ಗ. 21 ಮತ್ತು 5291 ಗುಣಿಸಿದರೆ 111111, ಅಂದರೆ ಆರು ಒಂದುಗಳು. ಹೀಗಾಗಿ ನಮ್ಮ ದೊಡ್ಡ ಸಂಖ್ಯೆ 111111ರ ವರ್ಗವೇ ಹೊರತು ಬೇರೆಯಲ್ಲ. ಚಿಕ್ಕದರಿಂದ ಆರಂಭಿಸಿ ನೋಡಿ. 11ರ ವರ್ಗ 121. 111ರ ವರ್ಗ 12321. 1111ರ ವರ್ಗ 1234321. ಒಂದೊಂದು ಅಂಕಿ ಕೂಡಿಸಿದಂತೆ ಹಾರ ಉದ್ದವಾಗುತ್ತ ಹೋಗುತ್ತದೆ. ಕಾರಣ ಬೇಕೆಂದರೆ 111111 ಅನ್ನು ಆರು ಸಾಲು ಬರೆಯಿರಿ, ಪ್ರತಿ ಸಾಲನ್ನೂ ಮೇಲಿನದಕ್ಕಿಂತ ಒಂದು ಮನೆ ಎಡಕ್ಕೆ ಸರಿಸಿ, ನಾವು ಗುಣಾಕಾರದಲ್ಲಿ ಮಾಡುವ ಹಾಗೆ. ಈಗ ಮೇಲಿನಿಂದ ಕೆಳಕ್ಕೆ ಕೂಡಿ. ಬಲತುದಿಯ ಮನೆಯಲ್ಲಿ ಒಂದೇ ಒಂದು ಇದೆ, ಅದರ ಪಕ್ಕದಲ್ಲಿ ಎರಡು, ಆಮೇಲೆ ಮೂರು, ನಡುವೆ ಆರು, ಮತ್ತೆ ಕಡಿಮೆಯಾಗುತ್ತ ಎಡತುದಿಯಲ್ಲಿ ಒಂದು. ದಶಕ ಹಿಡಿಯುವ ಪ್ರಸಂಗವೇ ಬರುವುದಿಲ್ಲ, ಅದಕ್ಕೇ ಹಾರ ಕೆಡುವುದಿಲ್ಲ. ಒಂಬತ್ತು ಒಂದುಗಳವರೆಗೆ ಹೀಗೆಯೇ ನಡೆದು 12345678987654321 ಸಿಗುತ್ತದೆ. ಹತ್ತು ಒಂದುಗಳಾದಾಗ ನಡುಮನೆಯಲ್ಲಿ ಹತ್ತು ಬಂದು ದಶಕ ಹಿಡಿಯಬೇಕಾಗುತ್ತದೆ. ಉತ್ತರ 1234567900987654321 ಆಗಿ ಹಾರ ಹರಿಯುತ್ತದೆ.

ಇದರ ಗುಣಗಳು ಇಷ್ಟಕ್ಕೇ ಮುಗಿಯುವುದಿಲ್ಲ. 12345654321ರ ಅಂಕಿಗಳನ್ನೆಲ್ಲ ಕೂಡಿದರೆ 36, ಅಂದರೆ ಆರು ಆರಲಿ. ಆರು ಸಾಲು, ಸಾಲಿಗೆ ಆರು ಒಂದು ಇಟ್ಟು ಕೂಡಿದ್ದಲ್ಲವೇ, ಅದಕ್ಕೇ 36. ಹೀಗಾಗಿ 9ರಿಂದ ಶೇಷವಿಲ್ಲದೆ ಭಾಗವಾಗುತ್ತದೆ. ಒಳಗೆ ಬಿಡಿಸಿ ನೋಡಿದರೆ 111111 ಎಂಬುದು 3, 7, 11, 13, 37 ಎಂಬ ಐದು ಅವಿಭಾಜ್ಯ ಸಂಖ್ಯೆಗಳ ಗುಣಲಬ್ಧ. ಅದರ ವರ್ಗವಾದ ನಮ್ಮ ಸಂಖ್ಯೆಯಲ್ಲಿ ಈ ಐದೂ ಎರಡೆರಡು ಸಲ ಬರುತ್ತವೆ. ಇವನ್ನು ಬೇರೆ ಬೇರೆಯಾಗಿ ಜೋಡಿಸಿದರೆ ಈ ಸಂಖ್ಯೆಯನ್ನು ಶೇಷವಿಲ್ಲದೆ ಭಾಗಿಸುವ ಸಂಖ್ಯೆಗಳು ಒಟ್ಟು 243 ಸಿಗುತ್ತವೆ. ಹೊರಗಿನಿಂದ ಹನ್ನೊಂದು ಅಂಕಿಗಳ ಭಯ, ಒಳಗೆ ನೋಡಿದರೆ ಐದು ಚಿಕ್ಕ ಸಂಖ್ಯೆಗಳು. ದೊಡ್ಡ ಸಂಖ್ಯೆ ಕಂಡು ಕಿಟಕಿಯತ್ತ ನೋಡುವ ಹುಡುಗನಿಗೆ ಈ ಒಂದು ಲೆಕ್ಕವನ್ನು ಬಿಡಿಸಿ ತೋರಿಸಿದರೆ ಸಾಕು, ಆಮೇಲೆ ತಾನೇ ಬೇರೆ ಸಂಖ್ಯೆಗಳನ್ನು ಬಿಡಿಸತೊಡಗುತ್ತಾನೆ.

ಇನ್ನೊಂದು ಪ್ರಸಿದ್ಧ ಗುಣಾಕಾರವೂ ಇದೇ ಗ್ರಂಥದಲ್ಲಿದೆ. 12345679 ಅನ್ನು 9ರಿಂದ ಗುಣಿಸಿದರೆ ಒಂಬತ್ತು ಒಂದುಗಳು. ಇದರಲ್ಲಿ 8 ಇಲ್ಲ ಎಂಬುದನ್ನು ಮರೆಯಬೇಡಿ. 18ರಿಂದ ಗುಣಿಸಿದರೆ ಒಂಬತ್ತು ಎರಡುಗಳು, 63ರಿಂದ ಗುಣಿಸಿದರೆ ಒಂಬತ್ತು ಏಳುಗಳು. ಮನೆಯಲ್ಲಿ ತಮ್ಮ ತಂಗಿಯರ ಮುಂದೆ ಮಾಡಿ ತೋರಿಸಿ.

ಸಂಖ್ಯೆಗಳಿಂದ ಹಾರ ಕಟ್ಟಿದ ಈ ಗುರುಗಳು ನಿಜವಾದ ಹಾರವನ್ನೂ ಲೆಕ್ಕಕ್ಕೆ ತಂದಿದ್ದಾರೆ. ಒಬ್ಬಾಕೆಯ ಮುತ್ತಿನ ಹಾರ ಹರಿಯುತ್ತದೆ. ಮುತ್ತುಗಳ ಮೂರನೇ ಒಂದು ಪಾಲು ದಾಸಿಯ ಕೈಗೆ ಬರುತ್ತದೆ, ಆರನೇ ಒಂದು ಪಾಲು ಹಾಸಿಗೆಯ ಮೇಲೆ ಬೀಳುತ್ತದೆ. ಉಳಿದದ್ದರಲ್ಲಿ ಅರ್ಧ, ಮತ್ತೆ ಉಳಿದದ್ದರಲ್ಲಿ ಅರ್ಧ, ಹೀಗೆ ಆರು ಸಲ ಚೆಲ್ಲಾಪಿಲ್ಲಿಯಾಗುತ್ತದೆ. ಕೊನೆಗೆ ಚೆದುರದೆ ಉಳಿದದ್ದು 1161 ಮುತ್ತು. ಹಾರದಲ್ಲಿ ಇದ್ದ ಮುತ್ತುಗಳೆಷ್ಟು? ಮೊದಲ ಎರಡು ಪಾಲು ಸೇರಿ ಅರ್ಧ ಹೋಯಿತು. ಆಮೇಲೆ ಆರು ಸಲ ಅರ್ಧ. ಉಳಿದದ್ದು ಒಟ್ಟಿನ 128ನೇ ಒಂದು ಪಾಲು. 1161 ಅನ್ನು 128ರಿಂದ ಗುಣಿಸಿದರೆ 148608. ಒಂದೂವರೆ ಲಕ್ಷದ ಹತ್ತಿರ ಮುತ್ತಿನ ಹಾರವನ್ನು ಹೊತ್ತ ಆ ಕೊರಳು ಎಂಥದಿದ್ದೀತು ಎಂದು ಮಕ್ಕಳು ನಗುತ್ತಾರೆ. ನಗಲಿ, ಲೆಕ್ಕ ಮಾತ್ರ ಮರೆಯುವುದಿಲ್ಲ.

ಸಂತೆಯ ಲೆಕ್ಕಗಳೂ ಬೇಕಾದಷ್ಟಿವೆ. ಒಂಬತ್ತು ಮಾದಲ ಹಣ್ಣು, ಏಳು ಬೇಲದ ಹಣ್ಣು ಸೇರಿ ಬೆಲೆ 107. ಏಳು ಮಾದಲ, ಒಂಬತ್ತು ಬೇಲ ಸೇರಿ 101. ಹಾಗಾದರೆ ಒಂದೊಂದರ ಬೆಲೆ ಎಷ್ಟು? ಮಾದಲ 8, ಬೇಲ 5. ಹತ್ತನೇ ತರಗತಿಯಲ್ಲಿ ಎರಡು ಸಮೀಕರಣಗಳೆಂದು ನಾವು ಕಲಿಸುವುದು ಇದನ್ನೇ. ಸಿಹಿ, ಹುಳಿ, ಉಪ್ಪು, ಖಾರ, ಕಹಿ, ಒಗರು ಈ ಆರು ರುಚಿಗಳನ್ನು ಎಷ್ಟು ಬಗೆಯಲ್ಲಿ ಬೆರೆಸಬಹುದು ಎಂದೂ ಕೇಳುತ್ತಾರೆ. ಒಂದೊಂದೇ ತೆಗೆದುಕೊಂಡರೆ 6, ಎರಡೆರಡು 15, ಮೂರು ಮೂರು 20, ನಾಲ್ಕು ನಾಲ್ಕು 15, ಐದೈದು 6, ಆರೂ ಸೇರಿ 1, ಒಟ್ಟು 63. ಇದಕ್ಕೆ ಅವರು ಕೊಟ್ಟ ಸಾಮಾನ್ಯ ಸೂತ್ರವೇ ಇಂದು ಪಿಯುಸಿ ವಿದ್ಯಾರ್ಥಿಗಳು ವಿಕಲ್ಪಗಳ ಪಾಠದಲ್ಲಿ ಓದುವ ಸೂತ್ರ. ಲಘುತಮ ಸಾಮಾನ್ಯ ಅಪವರ್ತ್ಯವನ್ನು, ಅಂದರೆ ನಮ್ಮ ಲ.ಸಾ.ಅ.ವನ್ನು, ನಿರುದ್ಧ ಎಂದು ಕರೆದು ಭಿನ್ನರಾಶಿಗಳನ್ನು ಕೂಡುವ ಕ್ರಮವನ್ನು ತಿಳಿಸಿದ್ದಾರೆ. ಕ್ಷೇತ್ರಫಲ, ಹೊಂಡ ತೋಡುವ ಲೆಕ್ಕ, ನೆರಳಿನ ಲೆಕ್ಕಗಳ ಅಧ್ಯಾಯಗಳೂ ಇವೆ.

ಋಣ ಸಂಖ್ಯೆಗೆ ವರ್ಗಮೂಲವಿಲ್ಲ ಎಂದು ಅವರು ಸ್ಪಷ್ಟವಾಗಿ ಹೇಳಿದ್ದಾರೆ. ಧನವನ್ನು ಧನದಿಂದ ಗುಣಿಸಿದರೂ ಋಣವನ್ನು ಋಣದಿಂದ ಗುಣಿಸಿದರೂ ಬರುವುದು ಧನವೇ, ಆದುದರಿಂದ ಋಣ ಸಂಖ್ಯೆ ಯಾವುದರ ವರ್ಗವೂ ಆಗಲಾರದು. ಆದರೆ ಸೊನ್ನೆಯ ವಿಷಯದಲ್ಲಿ ಅವರೂ ಎಡವಿದರು. ಯಾವ ಸಂಖ್ಯೆಯನ್ನೇ ಆಗಲಿ ಸೊನ್ನೆಯಿಂದ ಭಾಗಿಸಿದರೆ ಅದು ಬದಲಾಗದೆ ಹಾಗೆಯೇ ಉಳಿಯುತ್ತದೆ ಎಂದು ಬರೆದಿದ್ದಾರೆ. ಹಂಚಿಕೊಳ್ಳಲು ಯಾರೂ ಬರದಿದ್ದರೆ ರೊಟ್ಟಿ ಬುಟ್ಟಿಯಲ್ಲೇ ಉಳಿಯುತ್ತದಲ್ಲ ಎಂಬ ತರ್ಕ ಇರಬಹುದು. ಆದರೆ 12 ಅನ್ನು ಸೊನ್ನೆಯಿಂದ ಭಾಗಿಸಿದಾಗ 12 ಬರುವುದಾದರೆ, 12 ಅನ್ನು ಸೊನ್ನೆಯಿಂದ ಗುಣಿಸಿದಾಗ ಮತ್ತೆ 12 ಬರಬೇಕು. ಸೊನ್ನೆಯಿಂದ ಗುಣಿಸಿದರೆ ಸೊನ್ನೆಯೇ ಎಂದು ಅವರೇ ಹೇಳಿದ್ದಾರೆ. ಅವರ ಗುಣಾಕಾರವೇ ಅವರ ಭಾಗಾಕಾರವನ್ನು ಒಪ್ಪುವುದಿಲ್ಲ. ಸೊನ್ನೆಯಿಂದ ಭಾಗಾಕಾರಕ್ಕೆ ಅರ್ಥವೇ ಇಲ್ಲವೆಂಬುದು ಇಂದಿನ ಗಣಿತದ ನಿಲುವು. ದೊಡ್ಡವರ ಗ್ರಂಥವೆಂದು ಇಂತಹದನ್ನು ಮುಚ್ಚಿಟ್ಟು ಬರೀ ಹೊಗಳುವವರನ್ನು ಕಂಡರೆ ನನಗೆ ಬೇಸರವಾಗುತ್ತದೆ. ಮಹಾಕ್ಷೋಭದವರೆಗೆ ನಿರಾತಂಕವಾಗಿ ಏರಿದವರಿಗೆ ಸೊನ್ನೆ ಕಷ್ಟವಾಯಿತು ಎಂಬುದರಲ್ಲೇ ಕಲಿಯುವುದು ಎಷ್ಟೋ ಇದೆ.

972ರಲ್ಲಿ ಮಾಳವದ ಪರಮಾರ ದೊರೆ ಸೀಯಕನ ಸೈನ್ಯ ಮಾನ್ಯಖೇಟವನ್ನು ಸೂರೆ ಮಾಡಿತು. ರಾಷ್ಟ್ರಕೂಟರ ಕಾಲ ಮುಗಿಯಿತು. ಆದರೆ ಪುಸ್ತಕ ಅಷ್ಟರಲ್ಲಿ ಊರೂರು ಸುತ್ತಿ ಆಗಿತ್ತು. 11ನೇ ಶತಮಾನದಲ್ಲಿ ಪಾವುಲೂರಿ ಮಲ್ಲನ ಅದನ್ನು ತೆಲುಗಿಗೆ ತಂದನು. ನಮ್ಮ ಕಾಲುವೆಯ ಬದಿಯ ಕ್ಯಾಂಪುಗಳಲ್ಲಿರುವ ತೆಲುಗು ಮನೆಮಾತಿನ ಮಕ್ಕಳು ಈ ಹೆಸರನ್ನು ನೆನಪಿಡಬೇಕು. ಕನ್ನಡದಲ್ಲಿ 12ನೇ ಶತಮಾನದ ರಾಜಾದಿತ್ಯನು ವ್ಯವಹಾರಗಣಿತವನ್ನು ಬರೆದನು. ಮೂಲ ಗ್ರಂಥ ಮಠಗಳಲ್ಲಿ, ಭಂಡಾರಗಳಲ್ಲಿ ಓಲೆಗರಿಯ ಮೇಲೆ ಉಳಿಯಿತು. ಕನ್ನಡ ಲಿಪಿಯ ಪ್ರತಿಗಳೂ ಅದರಲ್ಲಿದ್ದವು. ಅವುಗಳನ್ನು ಹೋಲಿಸಿ ನೋಡಿ ಎಂ. ರಂಗಾಚಾರ್ಯರು 1912ರಲ್ಲಿ ಮದರಾಸಿನಲ್ಲಿ ಇಂಗ್ಲಿಷ್ ಅನುವಾದದೊಡನೆ ಅಚ್ಚು ಹಾಕಿಸಿದರು. ಆಗಲೇ ಹೊರದೇಶಗಳ ಗಣಿತ ಇತಿಹಾಸಕಾರರಿಗೆ ಮಹಾವೀರಾಚಾರ್ಯರ ಪರಿಚಯವಾದದ್ದು. ಪೂರ್ತಿ ಗ್ರಂಥದ ಕನ್ನಡ ಅನುವಾದವನ್ನು ಮೈಸೂರಿನ ಗಣಿತ ಪ್ರಾಧ್ಯಾಪಕಿ ಪದ್ಮಾವತಮ್ಮ ಅವರು ಮಾಡಿದರು, 2000ದಲ್ಲಿ ಹೊಂಬುಜದಿಂದ ಅದು ಪ್ರಕಟವಾಯಿತು.

ಆ ಗ್ರಂಥದ ಒಂದು ಲೆಕ್ಕವನ್ನು ನಿಮಗೇ ಬಿಟ್ಟಿದ್ದೇನೆ. ಮೂವರು ವರ್ತಕರಿಗೆ ದಾರಿಯಲ್ಲಿ ಹಣದ ಚೀಲವೊಂದು ಸಿಗುತ್ತದೆ. ಈ ಚೀಲ ನನ್ನದಾದರೆ ನಿಮ್ಮಿಬ್ಬರ ಹಣ ಸೇರಿಸಿದ್ದಕ್ಕಿಂತ ನನ್ನದು ಎರಡರಷ್ಟಾಗುತ್ತದೆ ಎನ್ನುತ್ತಾನೆ ಮೊದಲನೆಯವನು. ನನಗಾದರೆ ಮೂರರಷ್ಟು ಎನ್ನುತ್ತಾನೆ ಎರಡನೆಯವನು. ನನಗಾದರೆ ಐದರಷ್ಟು ಎನ್ನುತ್ತಾನೆ ಮೂರನೆಯವನು. ಚೀಲದಲ್ಲಿದ್ದದ್ದು 15 ನಾಣ್ಯ ಎಂದು ಮಾತ್ರ ಹೇಳುತ್ತೇನೆ. ಮೂವರ ಕೈಯಲ್ಲಿ ಎಷ್ಟೆಷ್ಟಿತ್ತು ಎಂಬುದನ್ನು ನೀವು ಕಂಡುಹಿಡಿಯಿರಿ.